ಪುಕ್ಕಟೆ ಟೀ ಸೆಟ್ಟೂ ಉಗ್ರಾಣದ ಕೀಲಿಯೂ

ಬಳ್ಳಾರಿಯ ಕಾನ್ವೆಂಟಿನಲ್ಲಿ ಡೊಮೆಸ್ಟಿಕ್ ಸೈನ್ಸಿಗೆ ಪ್ರೈಜ್ ಪಡೆದವಳಿಗೆ ಹೊಸಪೇಟೆಯ ಒಂದು ಮನೆಯ ಉಗ್ರಾಣ ನಡೆಸುವುದು ಯಾವ ಮಹಾ ಕೆಲಸ? ಮದುವೆಯಾಗಿ ಬಂದಾಗ ಹಾಗೇ ಅಂದುಕೊಂಡಿದ್ದೆ. ಆದರೆ ಉಗ್ರಾಣದ ಕೀಲಿ ಅತ್ತೆಯವರ ಸೊಂಟದಲ್ಲಿತ್ತು. ಒಂದು ಹಿಡಿ ಬೇಳೆಗೂ ನಾನು ಅವರ ಮುಂದೆ ಕೈಕಟ್ಟಿ ನಿಲ್ಲಬೇಕು.

ಅತ್ತೆಯವರದು ಬೇರೆಯೇ ಎಕಾನಮಿ. ಹರಿದ ಸೀರೆ ಕೌದಿಯಾಗಬೇಕು, ಹರಿದ ಕೌದಿ ನೆಲ ಒರೆಸಬೇಕು. ಬಂದವರಿಗೆ ಕಂಪ್ಲಿ ಬೆಲ್ಲ, ಒಂದು ತಂಬಿಗೆ ನೀರು. ಏನನ್ನೂ ಕೊಳ್ಳದವರಿಗೆ ಅಗ್ಗವೇನು, ತುಟ್ಟಿಯೇನು?

ಇಂಥವರಿಗೆ ನಾನು ಮಾಡರ್ನ್ ಎಕಾನಮಿ ಕಲಿಸಲು ಹೊರಟೆ. ಬಜಾರಿನಲ್ಲಿ ಒಂದು ಪೋಸ್ಟರ್ ನೋಡಿದ್ದೆ. ಚಾ ಪೊಟ್ಟಣಕ್ಕೊಂದು ಕೂಪನ್. ನೂರು ಕೂಪನ್ ಕಳಿಸಿದರೆ ಮದ್ರಾಸಿನಿಂದ ಟೀ ಸೆಟ್ ಫ್ರೀ.

"ನಮ್ಮನ್ಯಾಗ ಚಾ ಯಾರ ಕುಡಿತಾರ?" ಎಂದರು ಅತ್ತೆ.

"ಕುಡಿಯೂದು ಕಲಿತರಾತು. ಸೆಟ್ ಪುಕ್ಕಟೆ ಬರ್ತೈತಿ, ಅತ್ತಿ."

"ಆತು. ಪುಕ್ಕಟೆ ಬಂದಿದ್ದು ನಮ್ಮ ಅಡಿಗಿ ಮನ್ಯಾಗ ಕುಂತ ದಿನ ಕೀಲಿ ನಿನಗ."

ಅಪ್ಪ ಕೈಖರ್ಚಿಗೆ ಕೊಟ್ಟದ್ದೆಲ್ಲ ಚಾಪುಡಿಯಾಯಿತು. ನಮ್ಮವರು ಮೊದಲು ಪ್ರೀತಿಯಿಂದ ಕುಡಿದರು, ಆಮೇಲೆ ಕರ್ತವ್ಯವೆಂದು ಕುಡಿದರು, ಕೊನೆಗೆ ಹೆದರಿ ಕುಡಿದರು. ಅವರ ಅಕ್ಕಿ ಮಿಲ್ಲಿನ ಹಮಾಲರಿಗೆ ಕೊಡಗಟ್ಟಲೆ ಕಳಿಸಿದೆ. "ಅಕ್ಕಾರ, ಸಾಕ್ರಿ, ನಮಗ ನೀರ ಕೊಡ್ರಿ" ಎಂದು ಕೊಡ ವಾಪಸ್ಸು ಬಂತು. ಬೆಲ್ಲ ಹಾಕಿ ಕುದಿಸಿದ್ದಕ್ಕೆ ಒಂದು ದಿನ ಹಾಲು ಒಡೆಯಿತು. ವೇಸ್ಟ್ ಮಾಡುವುದು ಎಕಾನಮಿಯಲ್ಲವೆಂದು ಎಮ್ಮೆಯ ಮುಂದಿಟ್ಟೆ. ಎಮ್ಮೆ ಮೂಸಿ ಮುಖ ತಿರುವಿತು.

ಪಕ್ಕದ ಮನೆಯ ಗೌರಕ್ಕನಂತೂ ನನ್ನ ಕೈಯಲ್ಲಿ ಕೆಟಲ್ ಕಂಡರೆ ಬಾಗಿಲು ಹಾಕಿಕೊಂಡು, "ಮನ್ಯಾಗ ಯಾರೂ ಇಲ್ಲರೀ" ಎಂದು ಒಳಗಿನಿಂದ ತಾನೇ ಕೂಗುತ್ತಿದ್ದಳು.

ಕುಡಿಯುವವರು ಮುಗಿದರೂ ಕೂಪನ್ ನೂರು ಮುಟ್ಟಲಿಲ್ಲ. ಕೂಪನ್ ಕಿತ್ತುಕೊಂಡು ಪುಡಿಯನ್ನು ಮಂಚದ ಕೆಳಗೆ ತಳ್ಳಿದೆ. ಅಷ್ಟು ಹೊತ್ತಿಗೆ ನನಗೂ ಸಾಕಾಗಿತ್ತು. ಆದರೆ ಕೀಲಿ?

ಅಂತೂ ನೂರು ತುಂಬಿಸಿ ಮದ್ರಾಸಿಗೆ ಕಳಿಸಿದೆ. ಒಂದು ದಿನ ನಮ್ಮವರು ಸ್ಟೇಷನ್ನಿನಿಂದ ದೊಡ್ಡ ಮರದ ಪೆಟ್ಟಿಗೆ ತಂದಿಳಿಸಿದರು. ಗೌರಕ್ಕ ತಾನಾಗಿಯೇ ಬಂದಳು. ಹುಲ್ಲಿನ ನಡುವೆ ಬಿಳಿ ಕಪ್, ಬಿಳಿ ಸಾಸರ್, ಅಂಚಿಗೆ ಗುಲಾಬಿ ಹೂವು. ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು.

ಅತ್ತೆಯವರ ಕೈ ಸೊಂಟಕ್ಕೆ ಹೋಯಿತು. ಕೀಲಿಯ ಗಂಟು ಅರ್ಧ ಬಿಚ್ಚಿದವರು, "ತಳದಾಗ ಏನೋ ಬರದಾರಲ್ಲ, ಓದು ನೋಡೂಣು" ಎಂದರು.

"ಫೈನ್ ಬೋನ್ ಚೈನಾ."

ನಮ್ಮವರು ಕೆಮ್ಮಿದರು. ನೀರು ಕುಡಿಯಿರಿ ಎಂದೆ.

"ಬೋನ್ ಅಂದ್ರ ಏನವಾ?" ಎಂದಳು ಗೌರಕ್ಕ.

ನಮ್ಮವರು ಮತ್ತೆ ಕೆಮ್ಮಿದರು. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದನ್ನು ಅರ್ಧಕ್ಕೆ ನಿಲ್ಲಿಸುವವಳೇ ನಾನು? "ಎಲುಬು. ಸುಟ್ಟು ಬೂದಿ ಮಾಡಿ ಮಣ್ಣಾಗ ಕಲಸ್ತಾರ. ಅದಕ್ಕ ಇಷ್ಟು ನೈಸ್ ಇರತೈತಿ."

"ಯಾವುದರ ಎಲುಬು?" ಅತ್ತೆಯವರ ದನಿ ತಣ್ಣಗಿತ್ತು.

"ದನ..." ಎಂದವಳು ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಿದ್ದು ತಡವಾಗಿತ್ತು. ದಿನಾ ಲಿಂಗಪೂಜೆ ಮಾಡಿ ವಿಭೂತಿ ಹಚ್ಚುವ ಮನೆಯ ನಡುಮನೆಯಲ್ಲಿ, ಪ್ರೈಜ್ ಪಡೆದ ಸೊಸೆ ದನದ ಎಲುಬನ್ನು ಕೈಯಲ್ಲೆತ್ತಿ ತೋರಿಸುತ್ತ ನಿಂತಿದ್ದಳು!

ಅತ್ತೆ ಕೂಗಾಡಲಿಲ್ಲ. ಕೀಲಿಯ ಗಂಟು ಮತ್ತೆ ಬಿಗಿದರು. ನಮ್ಮವರು ಸೆಟ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ರೈಲಿನ ಆಂಗ್ಲೋ-ಇಂಡಿಯನ್ ಗಾರ್ಡ್ ಒಬ್ಬನಿಗೆ ಕೊಟ್ಟು ಬಂದರು. ಪುಕ್ಕಟೆ.

"ತಳದಾಗ ಬರದಿದ್ದನ್ನ ನಾನು ಸ್ಟೇಷನ್ನಿನಾಗ ಪೆಟ್ಟಿಗಿ ತಗದು ನೋಡಿದಾಗನ ಓದಿದ್ದೆ" ಎಂದರು ರಾತ್ರಿ. "ಎಷ್ಟಂತ ಕೆಮ್ಮಲಿ?"

ಮರುದಿನ ಅತ್ತೆ ಮರದ ಪೆಟ್ಟಿಗೆಯನ್ನು ತೊಳೆದು, ಬಿಸಿಲಿಗಿಟ್ಟು, ಬಡಿಗನನ್ನು ಕರೆಸಿದರು. "ಕಟ್ಟಿಗಿ ಭಾಳ ಚಲೋ ಐತಿ. ಒಗದು ಏನ ಮಾಡೂದು?" ಅದಕ್ಕೊಂದು ಚಿಲಕ ಬಿತ್ತು, ಬೀಗ ಬಿತ್ತು. ಮಂಚದ ಕೆಳಗಿನ ಚಾಪುಡಿಯೆಲ್ಲ ಅದರೊಳಗೆ ಹೋಯಿತು.

"ತಗೋ, ಕೀಲಿ" ಎಂದು ಅದರ ಕೀಲಿ ನನ್ನ ಕೈಗಿಟ್ಟರು.

ಹಾಳು ಮಾಡಬಾರದಲ್ಲ. ದಿನಾ ಮಧ್ಯಾಹ್ನ ಅತ್ತೆ ತಮ್ಮ ಹಿತ್ತಾಳೆ ಲೋಟ ಹಿಡಿದು ಬಂದು ಕೂರುತ್ತಿದ್ದರು. ನಾನು ಬೀಗ ತೆಗೆದು ಚಾ ಕಾಸಬೇಕು. ಪೆಟ್ಟಿಗೆ ಖಾಲಿಯಾದ ದಿನ, ಬಿಡುಗಡೆಯಾಯಿತೆಂದು ಉಸಿರುಬಿಟ್ಟು, "ಮುಗೀತು, ಅತ್ತಿ" ಎಂದೆ.

"ಮುಗಿದರ ತರಸು" ಎಂದರು ಅತ್ತೆ, ಲೋಟ ಮುಂದೆ ಚಾಚಿ. "ಕೂಪನ್ ಇಲ್ಲದ್ದು ತರಸು."