ಗೇಟು ಹಾಕಿದ ಮಹನೀಯ

ವಿನಿಫ್ರೆಡ್‌ಳನ್ನು, ಅಂದರೆ ನನ್ನ ಹೆಂಡತಿ ವಿನ್ನಿಯನ್ನು, ನಾನು ಮೊದಲು ಕಂಡದ್ದು ಯಾರ್ಕ್‌ಶೈರಿನಲ್ಲಿ, ನಮ್ಮಪ್ಪನ ಕುರಿ ಮೇಯುವ ಹೊಲದ ಗೇಟಿನ ಹತ್ತಿರ. ನಾನು ಕಾಲೇಜಿನಿಂದ ರಜೆಗೆ ಬಂದಿದ್ದೆ. (ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನೇ.) ಅವಳು ಹಸಿರು ಮಳೆಕೋಟು ತೊಟ್ಟಿದ್ದಳು. ಒಂದು ಕೈಯಲ್ಲಿ ಅರ್ಧ ತಿಂದ ಸೇಬು, ಇನ್ನೊಂದರಲ್ಲಿ ಹಳೆಯ ಕಾಲದ ದಪ್ಪ ಪ್ರೇಮಕಾದಂಬರಿ. ಪುಟದಿಂದ ಕಣ್ಣು ತೆಗೆಯದೆ ಗೇಟು ತೆರೆದಳು, ಒಳಗೆ ಬಂದಳು, ಅದನ್ನು ಹಾಗೇ ಬಿಟ್ಟು ನಡೆದಳು. ನಮ್ಮ ಕುರಿಗಳೆಲ್ಲ ಸಾಲಾಗಿ ರಸ್ತೆಗೆ ಹೊರಟವು.

"ರೀ, ಗೇಟು ಹಾಕ್ರೀ" ಎಂದು ಕೂಗಿದೆ. ನಮ್ಮ ಪ್ರಣಯದ ಮೊದಲ ನುಡಿ ಅದು.

"ಕಾದಂಬರೀಲಾದ್ರೆ ನಾಯಕ ಮೊದಲು ಟೋಪಿ ತೆಗೀತಾನೆ" ಎಂದಳು.

ಅಂದಿನಿಂದ ಆ ನಾಯಕನೇ ನನಗೆ ಸವತಿ. (ಗಂಡಸು ಸವತಿಯಾಗುವುದುಂಟೆ ಎನ್ನಬೇಡಿ, ನಮ್ಮ ಮನೆಯಲ್ಲುಂಟು.) ಅಂಥ ಕಾದಂಬರಿಗಳನ್ನು ಯಾರು ಎಷ್ಟು ಸಲ ಸಿನಿಮಾ ಮಾಡಿದರೂ ವಿನ್ನಿ ಅಷ್ಟೂ ಸಲ ನೋಡಿ, ಅಷ್ಟೂ ಸಲ ಅತ್ತು, ಕೊನೆಗೆ ಸೋಫಾದ ಇನ್ನೊಂದು ತುದಿಯಲ್ಲಿರುವ ನನ್ನನ್ನು ನೋಡಿ ನಿಟ್ಟುಸಿರು ಬಿಡುತ್ತಾಳೆ.

ಕಳೆದ ವರ್ಷ ಅಂಥದ್ದೇ ಒಂದು ಚಿತ್ರ ತೆಗೆಯುವವರು ನಮ್ಮೂರಿಗೇ ಬಂದರು. ನಾಯಕ ನಾಯಕಿಯರ ಹಿಂದುಗಡೆ ಅಡ್ಡಾಡಲು ಊರಿನವರು ಬೇಕೆಂದರು. ಒಂದೇ ಒಂದು ಸಲ ಆ ಪರದೆಯೊಳಗೆ ನಡೆಯಬೇಕೆಂಬುದು ವಿನ್ನಿಯ ಜೀವಮಾನದ ಆಸೆ. ಇಬ್ಬರ ಹೆಸರನ್ನೂ ಅವಳೇ ಕೊಟ್ಟಳು. ನನಗೆ ಎತ್ತರದ ಟೋಪಿಯೂ, ಕೂತರೆ ಹರಿಯುವಂಥ ಬಿಗಿ ಪ್ಯಾಂಟೂ ಪ್ರಾಪ್ತವಾದವು. ವಿನ್ನಿ ರೇಷ್ಮೆ ಉಡುಪಿನಲ್ಲಿ ಬಂದು ನನ್ನ ತೋಳು ಹಿಡಿದಳು. ನಿಟ್ಟುಸಿರು ಬಿಡದೆ ನನ್ನನ್ನು ನೋಡಿದಳು.

"ಇವತ್ತೊಂದಿನ ನೀನು ನೀನಾಗಿರ್ಬೇಡ, ಆರ್ನಾಲ್ಡ್" ಎಂದು ಕಿವಿಯಲ್ಲಿ ಹೇಳಿದಳು.

ನಾಯಕ ಕುದುರೆಯ ಮೇಲೆ ಧಾವಿಸಿ ಬಂದು, ಗೇಟು ದಾಟಿ, ಓಕ್ ಮರದಡಿ ನಿಂತ ನಾಯಕಿಯನ್ನು ಸೇರಬೇಕು. ನಾವು ಹಿಂದೆ ಗಂಭೀರವಾಗಿ ನಡೆಯಬೇಕು. ಕ್ಯಾಮೆರಾ ಓಡತೊಡಗಿತು. ಗೇಟು ಹಾರುಹೊಡೆದಿತ್ತು, ಹೊಲದ ತುಂಬ ಕುರಿ. ಇದು ಸಿನಿಮಾ ಎಂದು ತಲೆಗೆ ಗೊತ್ತಿತ್ತು. ಆದರೆ ಕಾಲುಗಳು ಅಪ್ಪನವು. ಹೆಂಡತಿಯ ತೋಳು ಬಿಟ್ಟು ಓಡಿಹೋಗಿ ಗೇಟು ಹಾಕಿ ಅಗುಳಿ ಜಡಿದೆ.

ಕುದುರೆ ಬುದ್ಧಿವಂತ, ನಿಂತಿತು. ನಾಯಕ ನಿಲ್ಲಲಿಲ್ಲ. ಗೇಟಿನ ಮೇಲಿಂದ ಬಂದು ಕೆಸರಿನಲ್ಲಿ ಆಸೀನನಾದ.

ಇದೇಕೆ ಹೀಗೆ ಮಾಡಿದಿರಿ ಎಂದು ನಿರ್ದೇಶಕರು ಮೆಲ್ಲಗೆ ಕೇಳಿದರು.

"ಕುರಿ ಹೋಗ್ತಾವಲ್ಲ, ಸಾರ್" ಎಂದೆ.

ನಾವಿಬ್ಬರೂ ಮನೆಗೆ ಹೋಗಬಹುದೆಂದರು. ವಿನ್ನಿ ಕೈಗವಸು ಬಿಚ್ಚತೊಡಗಿದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡೆ.

"ತಪ್ಪು ನಂದು. ಅವಳನ್ನ ಮಾತ್ರ ಕಳಿಸ್ಬೇಡಿ."

ಹಾಗೆ ನನ್ನ ಟೋಪಿ, ಪ್ಯಾಂಟು, ಹೆಂಡತಿಯ ತೋಳು ಮೂರೂ ನಮ್ಮೂರ ಅಂಚೆಯವ ಕ್ಲಿಫರ್ಡ್‌ನ ಪಾಲಾದವು. ಗೇಟನ್ನು ತೆರೆದು ಹಿಡಿದುಕೊಂಡು, ಕಲ್ಲುಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂರುವ ಪಾತ್ರ ನನಗೆ ಬಂತು.

ಚಿತ್ರ ಊರಿನ ಸಭಾಭವನದಲ್ಲಿ ಪ್ರದರ್ಶನವಾಯಿತು. ವಿನ್ನಿ ಮತ್ತು ಕ್ಲಿಫರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋದರು. ಗೇಟಿನ ಅಂಚಿನಲ್ಲಿ ಒಂದು ಕೈ ಕಾಣಿಸಿತು.

ವಿನ್ನಿ ನನ್ನತ್ತ ವಾಲಿದಳು. "ಆವತ್ತು ನೀನು ಟೋಪಿ ತೆಗೆದಿದ್ದು ಸಿನಿಮಾದಲ್ಲಿ ಬರ್ಲೇ ಇಲ್ಲ ನೋಡು" ಎಂದಳು. ನನ್ನ ಎದೆಯುಬ್ಬಿತು. ಸ್ವಲ್ಪ ಹೊತ್ತು ಬಿಟ್ಟು, "ಆ ಪ್ಯಾಂಟು ಮಾತ್ರ ಕ್ಲಿಫರ್ಡ್‌ಗೇ ಒಪ್ತಿತ್ತು" ಎಂದಳು.

ಈಗ ವಿನ್ನಿ ಅದೇ ಸಭಾಭವನದಲ್ಲಿ ಪ್ರತಿ ಶುಕ್ರವಾರ ಇಂಥ ಚಿತ್ರಗಳನ್ನು ತೋರಿಸುತ್ತಾಳೆ. ಬಾಗಿಲು ಹಾಕುವ ಕೆಲಸವನ್ನು ನನಗೆ ಕೊಟ್ಟಿದ್ದಾಳೆ.