ಚಿಕ್ಕಮುನಿಯಮ್ಮನವರ ಬಾವಿ ಕಾರ್ಖಾನೆಯಾದದ್ದು

ನೀರಿಗೆ ಬಣ್ಣ, ರುಚಿ, ವಾಸನೆ ಇರುವುದಿಲ್ಲ ಎಂಬುದು ಜಲಶುದ್ಧಿ ಪ್ರಾಧಿಕಾರದ ನಿಯಮಾವಳಿಯ ಮೊದಲನೆಯ ಕಲಮು. ಇದನ್ನು ಬರೆದವರು ಪೀಣ್ಯದ ಕಡೆಗೆ ಬಂದವರಲ್ಲ ಎಂದು ಕೆಲವರು ಆಕ್ಷೇಪಿಸುವುದುಂಟು. ನಿಯಮ ಬರೆಯುವವರು ಊರು ನೋಡಿರಬೇಕೆಂದು ಯಾವ ನಿಯಮದಲ್ಲೂ ಹೇಳಿಲ್ಲ.

ಎಂಬತ್ಮೂರನೆಯ ಇಸವಿಯ ಬೇಸಿಗೆಯಲ್ಲಿ, ಲಗ್ಗೆರೆಯ ಆಚೆಗಿರುವ ಬಾವಿಪಾಳ್ಯದಲ್ಲಿ, ಸೊಪ್ಪು ಬೆಳೆದು ಮಾರುವ ಚಿಕ್ಕಮುನಿಯಮ್ಮನವರ ಬಾವಿಯ ನೀರು ಹಳದಿಗೆ ತಿರುಗಿತು. ಬೇಲಿಯ ಆಚೆಗೆ ವಜ್ರಕಾಂತಿ ಪ್ಲೇಟಿಂಗ್ ವರ್ಕ್ಸ್ ಎಂಬ ಕಾರ್ಖಾನೆ. ಸೈಕಲ್ ಹ್ಯಾಂಡಲ್‌ಗಳನ್ನು ಕ್ರೋಮಿಯಂ ತೊಟ್ಟಿಯಲ್ಲಿ ಅದ್ದಿ ಹೊಳಪು ಕೊಡುವುದು ಅದರ ಕೆಲಸ. ಕೆಲಸ ಮುಗಿದ ತೊಟ್ಟಿಯ ನೀರನ್ನು ಹಿಂದಿನ ಗುಂಡಿಗೆ ಬಿಡುತ್ತಿದ್ದರು. ಎಷ್ಟು ಬಿಟ್ಟರೂ ಆ ಗುಂಡಿ ತುಂಬುತ್ತಿರಲಿಲ್ಲ. ಇದು ಗುಂಡಿ ತೋಡಿದ ಮೇಸ್ತ್ರಿಯ ಕೈಗುಣ ಎಂದು ಮಾಲೀಕರಾದ ಶ್ಯಾಮಣ್ಣನವರು ಹೆಮ್ಮೆಯಿಂದ ಹೇಳುತ್ತಿದ್ದರು.

ಚಿಕ್ಕಮುನಿಯಮ್ಮನವರು ಒಂದು ಬಿಂದಿಗೆ ನೀರು ಸೇದಿ, ಸೊಂಟದ ಮೇಲಿಟ್ಟುಕೊಂಡು ಕಾರ್ಖಾನೆಗೆ ಹೋದರು.

“ಏನಣ್ಣ ಇದು? ಕುಡಿಯೋ ನೀರು ಮದ್ವೆಮನೆ ಅರಿಶಿನದ ನೀರಿದ್ದಂಗೈತೆ.”

“ಅರಿಶಿನ ಮೈಗೆ ಒಳ್ಳೇದಲ್ವೇನಮ್ಮ?” ಎಂದರು ಶ್ಯಾಮಣ್ಣನವರು.

“ಅಂಗಾದ್ರೆ ನೀನೊಂದು ಲೋಟ ಕುಡಿ.”

ಶ್ಯಾಮಣ್ಣನವರು ಅಂದು ಉಪವಾಸವಿದ್ದುದರಿಂದ ಕುಡಿಯಲಾಗಲಿಲ್ಲ. ವಿಷಯ ಜಲಶುದ್ಧಿ ಪ್ರಾಧಿಕಾರಕ್ಕೆ ಹೋಯಿತು.

ಪ್ರಾಧಿಕಾರದ ಅಧಿಕಾರಿ ಕೃಷ್ಣಸ್ವಾಮಿಯವರು ಸಜ್ಜನರು. ಚಿಕ್ಕಮುನಿಯಮ್ಮನವರನ್ನು ಕೂರಿಸಿ, ದೂರು ಕೇಳಿ, ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬಂದಾಗ ಅವರೇ ಓದಿ ಹೇಳಿದರು: ಮಾದರಿಗೆ ಬಣ್ಣವಿದೆ, ವಾಸನೆಯಿದೆ. ರುಚಿಯೂ ಇದೆ, ರುಚಿ ನೋಡಿದ ಅಟೆಂಡರ್ ಸದ್ಯ ರಜೆಯಲ್ಲಿದ್ದಾನೆ. ಆದ್ದರಿಂದ ಮೊದಲನೆಯ ಕಲಮಿನ ಪ್ರಕಾರ ಇದು ನೀರಲ್ಲ.

“ನೀರೇ ಅಲ್ಲದ ಮೇಲೆ ನೀರು ಕೆಟ್ಟಿದೆ ಅಂತ ನಾವು ಹೇಗಮ್ಮ ಹೇಳೋಕಾಗುತ್ತೆ?”

“ಬಾವಿಯಾಗೆ ನೀರಲ್ದೆ ಇನ್ನೇನಿರ್ತೈತೆ ಸಾಮಿ?”

“ಅದನ್ನ ರಾಸಾಯನಿಕ ದಾಸ್ತಾನು ವಿಭಾಗದವರು ಹೇಳಬೇಕು.”

“ಅವ್ರೆಲ್ಲವ್ರೆ?”

ಕೃಷ್ಣಸ್ವಾಮಿಯವರು ಎದ್ದು ಪಕ್ಕದ ಕುರ್ಚಿಯಲ್ಲಿ ಕುಳಿತರು. ಆ ವಿಭಾಗದ ಅಧಿಕಾರಿಯ ಹುದ್ದೆ ಬಹುಕಾಲದಿಂದ ಖಾಲಿಯಿದ್ದು, ಹೆಚ್ಚುವರಿ ಪ್ರಭಾರ ಇವರದೇ ಆಗಿತ್ತು. ಕನ್ನಡಕ ಸರಿಮಾಡಿಕೊಂಡು, ಆಗತಾನೆ ಕಂಡವರಂತೆ, “ಯಾರಮ್ಮ ನೀವು? ಏನಾಗಬೇಕಿತ್ತು?” ಎಂದರು.

ಸಿಟಿ ಮಾರ್ಕೆಟ್ಟಿನಲ್ಲಿ ಒಂದೇ ಕಟ್ಟು ಸೊಪ್ಪಿನ ಬೆಲೆಯನ್ನು ಒಂದೇ ಗಿರಾಕಿಗೆ ಹಲವು ಸಲ ಹೇಳಿ ಅಭ್ಯಾಸವಿದ್ದ ಚಿಕ್ಕಮುನಿಯಮ್ಮನವರು, ಎಲ್ಲವನ್ನೂ ಮೊದಲಿನಿಂದ ಹೇಳಿದರು.

ಈ ಕುರ್ಚಿಯಲ್ಲಿ ಕೃಷ್ಣಸ್ವಾಮಿಯವರು ಕಟ್ಟುನಿಟ್ಟು. “ನಿಮ್ಮ ಜಮೀನಿನಲ್ಲಿ ಪರವಾನಗಿ ಇಲ್ಲದೆ ಒಂದು ಬಾವಿ ತುಂಬ ಕ್ರೋಮಿಯಂ ದ್ರಾವಣ ಇಟ್ಟುಕೊಂಡಿದ್ದೀರಿ. ಇದು ಅಪರಾಧ.”

“ನಾನ್ ಮಡಗಿಲ್ಲ ಸಾಮಿ. ಅವನ ಗುಂಡಿಯಿಂದ ಅದೇ ಬಂದು ಸೇರ್ಕಂಡೈತೆ.”

“ಬಂದದ್ದನ್ನು ಇಟ್ಟುಕೊಂಡವರು ಯಾರು?”

“ಬಾವಿ.”

“ಬಾವಿ ಯಾರದು?”

ಕೃಷ್ಣಸ್ವಾಮಿಯವರು ಮೊದಲಿನ ಕುರ್ಚಿಗೆ ಮರಳಿ, ದನಿ ತಗ್ಗಿಸಿ, “ಅವರು ಸ್ವಲ್ಪ ಖಡಕ್ಕು. ಎದುರಾಡಬೇಡಿ. ಪರವಾನಗಿ ಮಾಡಿಸ್ಕೊಂಡ್ಬಿಡಿ ಅಮ್ಮ” ಎಂದು ಸಲಹೆ ಕೊಟ್ಟರು.

“ಕಾರ್ಖಾನೆ ಹೊಗೇನೂ ಬತ್ತೈತೆ ಸಾಮಿ. ಒಣಗಾಕಿದ ಸೀರೆ ಎಲ್ಲಾ ಮಸಿ.”

ಕೃಷ್ಣಸ್ವಾಮಿಯವರು ಗೋಡೆಯ ಪಕ್ಕದ ಖಾಲಿ ಜಾಗವನ್ನು ವಿಷಾದದಿಂದ ತೋರಿಸಿದರು. “ಹೊಗೆಯ ಕುರ್ಚಿ ಇನ್ನೂ ಮಂಜೂರಾಗಿಲ್ಲ.”

ರಾಸಾಯನಿಕ ದಾಸ್ತಾನಿನ ಪರವಾನಗಿಯನ್ನು ಕಾರ್ಖಾನೆಗಳಿಗೆ ಮಾತ್ರ ಕೊಡಬಹುದು. ಹೀಗಾಗಿ ಬಾವಿಯನ್ನು ಸಣ್ಣ ಕೈಗಾರಿಕಾ ಘಟಕವೆಂದು ನೋಂದಾಯಿಸಲಾಯಿತು. ತಪಾಸಣೆಗೆ ಬಂದವರು ಹಗ್ಗ, ರಾಟೆ ಮತ್ತು ಬಿಂದಿಗೆಯನ್ನು ಯಂತ್ರೋಪಕರಣವೆಂದು ಬರೆದುಕೊಂಡರು. ಬಾವಿಯೊಳಗಿನ ಕಪ್ಪೆಗಳನ್ನು ಕಾರ್ಮಿಕರೆಂದು ಪರಿಗಣಿಸಬೇಕೇ ಎಂಬ ಪ್ರಶ್ನೆ ಎದ್ದಿತು. ಅಷ್ಟರಲ್ಲಿ ಅವು ಸತ್ತದ್ದರಿಂದ ಆ ಪ್ರಶ್ನೆ ಇತ್ಯರ್ಥವಾಯಿತು. ರಾಟೆಯ ಕಂಬಕ್ಕೆ ‘ಅನುಮತಿಯಿಲ್ಲದೆ ಒಳಗೆ ಪ್ರವೇಶವಿಲ್ಲ’ ಎಂಬ ಫಲಕ ತೂಗುಹಾಕಿದರು. ಇದನ್ನು ಊರಿನವರು ಇಂದಿಗೂ ಪಾಲಿಸುತ್ತಿದ್ದಾರೆ.

ಬಾವಿಯ ಸುತ್ತಲಿನ ಮಡಿಗಳಲ್ಲಿ ದಂಟು, ಕೊತ್ತಂಬರಿ ಎಲ್ಲ ಸುಟ್ಟುಹೋದವು. ಕೈಗಾರಿಕಾ ಘಟಕದ ಆವರಣದಲ್ಲಿ ಬೇಸಾಯ ಮಾಡುವಂತಿಲ್ಲವಾದ್ದರಿಂದ, ನೋಟೀಸು ಬರುವ ಮೊದಲೇ ಸೊಪ್ಪು ತಾನಾಗಿ ನಿಯಮಪಾಲನೆ ಮಾಡಿದಂತಾಯಿತು.

ಆಯುಧಪೂಜೆಯ ದಿನ ಚಿಕ್ಕಮುನಿಯಮ್ಮನವರು ರಾಟೆಗೆ ವಿಭೂತಿ ಬಳಿದು, ಬಿಂದಿಗೆಗೆ ಚೆಂಡುಹೂವಿನ ಹಾರ ಹಾಕಿ, ಬಾವಿಯ ಮುಂದೆ ಬೂದುಗುಂಬಳ ಒಡೆದರು. ಪಕ್ಕದ ಘಟಕದವರೆಂಬ ಸೌಜನ್ಯದಿಂದ ಶ್ಯಾಮಣ್ಣನವರು ಬಂದರು.

“ಏನ್ ಮೇಡಂ, ಪ್ರೊಡಕ್ಷನ್ ಹೇಗಿದೆ?”

“ನಿನ್ನ ದಯ ಕಣಣ್ಣ. ತುಂಬಿ ತುಳುಕ್ತೈತೆ.”

“ಬೇರೆ ಏನಾದ್ರೂ ಬೇಕಿತ್ತಾ?”

“ಕುಡಿಯಾಕೆ ಒಂದ್ ಬಿಂದ್ಗೆ ನೀರು.”

“ಅದಕ್ಕೇನಂತೆ? ಫ್ಯಾಕ್ಟರಿ ಅಂದ್ಮೇಲೆ ಕೊಳಾಯಿ ಕೊಡಲೇಬೇಕು. ರೂಲ್ಸು. ಕೇಳಿಲ್ವಾ ನೀವು?”

ಅವರು ಹೇಳಿದ್ದು ನಿಜವಾಗಿತ್ತು. ಬಾವಿಪಾಳ್ಯದವರು ಕೊಳಾಯಿ ಕೇಳಿದಾಗಲೆಲ್ಲ ‘ನಿಮ್ಮಲ್ಲಿ ಬಾವಿಗಳಿವೆ’ ಎಂಬ ಉತ್ತರ ಬಂದಿತ್ತು. ಕೈಗಾರಿಕಾ ಘಟಕಗಳಿಗೆ ಹಾಗಲ್ಲ. ಕಾರ್ಮಿಕರಿಗೆ ಕುಡಿಯಲು ಶುದ್ಧ ನೀರಿನ ಕೊಳಾಯಿ ಕಡ್ಡಾಯ. ದೀಪಾವಳಿಯ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಒಂದು ಕೊಳಾಯಿ ಬಂದು ನಿಂತಿತು. ಚಿಕ್ಕಮುನಿಯಮ್ಮನವರು ಮೊದಲ ಲೋಟ ಹಿಡಿದು, ಮೂಸಿ, ಕುಡಿದು, ತಪಾಸಣೆಗೆ ಬಂದು ನಿಂತಿದ್ದ ಕೃಷ್ಣಸ್ವಾಮಿಯವರನ್ನು ಕೇಳಿದರು:

“ಬಣ್ಣಿಲ್ಲ, ವಾಸ್ನಿಲ್ಲ. ಇದು ನೀರೇ ತಾನೆ ಸಾಮಿ? ಆಮೇಲೆ ಅಲ್ಲ ಅನ್ನಬ್ಯಾಡಿ.”

“ನೀರೇ” ಎಂದು ಅವರು ನಿಂತಲ್ಲೇ ದೃಢೀಕರಿಸಿದರು. ಕುರ್ಚಿಯಿಲ್ಲದೆ ಅವರು ಕೈಗೊಂಡ ಏಕೈಕ ನಿರ್ಧಾರ ಇದು.

ಸುದ್ದಿ ಹಬ್ಬಿತು. ತಗ್ಗಿನ ಕಡೆಯ ಬಾವಿಗಳೆಲ್ಲ ಅಷ್ಟರಲ್ಲಿ ಹಳದಿಯಾಗಿದ್ದವು. ಒಬ್ಬೊಬ್ಬರಾಗಿ ಬಾವಿ ನೋಂದಾಯಿಸಿ ಕೊಳಾಯಿ ಪಡೆದರು. ಉಳಿದವರು ಲಕ್ಷ್ಮಯ್ಯನವರೊಬ್ಬರೇ. ಅವರ ಬಾವಿ ದಿಬ್ಬದ ಮೇಲಿತ್ತು. ಅದರ ನೀರು ಮೊದಲಿನಂತೆಯೇ ತಿಳಿಯಾಗಿದ್ದು, ತಳದ ಕಲ್ಲು ಕಾಣುತ್ತಿತ್ತು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು, “ಊರಲ್ಲೆಲ್ಲ ಕೊಳಾಯಿ ಐತಂತೆ, ನಿಮ್ಮನೇಲಿ ಯಾಕಿಲ್ಲ?” ಎಂದು ಕೇಳಿ, ಕಾಫಿ ಕುಡಿದು, ಮತ್ತೆ ಹೇಳಿಕಳಿಸುತ್ತೇವೆಂದು ಹೋದವರು ಹೇಳಿಕಳಿಸಲಿಲ್ಲ. ಲಕ್ಷ್ಮಯ್ಯನವರು ಒಂದು ಸೀಸೆ ನೀರು ಹಿಡಿದು ಪ್ರಾಧಿಕಾರಕ್ಕೆ ಓಡಿದರು.

ಕೃಷ್ಣಸ್ವಾಮಿಯವರು ಸೀಸೆಯನ್ನು ಬೆಳಕಿಗೆ ಹಿಡಿದು ನಿಟ್ಟುಸಿರು ಬಿಟ್ಟರು. “ಇದು ನೀರು. ನೀರಿರುವವರಿಗೆ ನೀರು ಕೊಡೋಕೆ ಅವಕಾಶವಿಲ್ಲ.”

“ಪಕ್ಕದ ಕುರ್ಚಿಯಾಗೆ ಕುಂತು ಒಂದು ಕಿತ ನೋಡಿ ಸಾಮಿ.”

ಅವರು ಅಲ್ಲಿಯೂ ಕುಳಿತು ನೋಡಿದರು. ಅಲ್ಲಿಂದಲೂ ಅದು ನೀರೇ ಆಗಿತ್ತು.

ಊರಿಗೆ ಊರೇ ಮರುಗಿತು. “ಬೇಜಾರ್ ಮಾಡ್ಕಬ್ಯಾಡ ಕಣಣ್ಣ, ಇವತ್ತಲ್ಲ ನಾಳೆ ನಿಂಗೂ ಬತ್ತೈತೆ” ಎಂದು ಚಿಕ್ಕಮುನಿಯಮ್ಮನವರು ಸಮಾಧಾನ ಹೇಳಿದರು. ಅರಳಿಕಟ್ಟೆಯಲ್ಲಿ ಹಿರಿಯರು ಸೇರಿ, ಹೆಣ್ಣುಮಗುವಿನ ಭವಿಷ್ಯದ ಪ್ರಶ್ನೆಯೆಂದು ಶ್ಯಾಮಣ್ಣನವರನ್ನು ಕೇಳಿಕೊಂಡರು. ಶ್ಯಾಮಣ್ಣನವರು ಉದಾರಿಗಳು. ದಿಬ್ಬದ ಮೇಲೆ, ಲಕ್ಷ್ಮಯ್ಯನವರ ಬಾವಿಗಿಂತ ತುಸು ಮೇಲಕ್ಕೆ, ಸ್ವಂತ ಖರ್ಚಿನಲ್ಲಿ ಇನ್ನೊಂದು ಗುಂಡಿ ತೋಡಿಸಿಕೊಟ್ಟರು. ಮೇಸ್ತ್ರಿ ಹಳಬನೇ. ಕೃಷ್ಣಸ್ವಾಮಿಯವರು ಒಂದು ಕುರ್ಚಿಯಿಂದ ತಮ್ಮ ಅಭ್ಯಂತರವಿಲ್ಲವೆಂದರು, ಇನ್ನೊಂದರಿಂದ ಶಿಫಾರಸು ಮಾಡಿದರು.

ಅಂದಿನಿಂದ ಲಕ್ಷ್ಮಯ್ಯನವರು ದಿನಾ ಬೆಳಗ್ಗೆ ಒಂದು ಲೋಟ ನೀರು ಸೇದಿ ಸೂರ್ಯನಿಗೆ ಹಿಡಿದು ನೋಡುತ್ತಿದ್ದರು. ದಾರಿಯಲ್ಲಿ ಹೋಗುವವರು ಅರ್ಘ್ಯ ಕೊಡುತ್ತಿದ್ದಾರೆಂದು ತಿಳಿದು ಕೈಮುಗಿಯುತ್ತಿದ್ದರು. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಲೋಟದಲ್ಲಿ ತೆಳುವಾಗಿ, ಬೇಕೋ ಬೇಡವೋ ಎಂಬಂತೆ, ಹಳದಿ ಕಂಡಿತು. ಅವರು ಲೋಟವನ್ನು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಮನೆಯತ್ತ ಓಡಿದರು.

“ಲೇ, ಬಂತು ಕಣೇ! ಬಂತು! ಗಂಡಿನ ಕಡೆಯೋರಿಗೆ ಏಳಿಕಳ್ಸು!”

ಆ ಸಂಜೆ ಲಕ್ಷ್ಮಯ್ಯನವರು ಊರಿಗೆಲ್ಲ ಬೆಲ್ಲದ ಪಾನಕ ಹಂಚಿದರು. ಪಾನಕಕ್ಕೆ ನೀರು ಚಿಕ್ಕಮುನಿಯಮ್ಮನವರ ಕೊಳಾಯಿಯದು.