ಕವಲಿನಲ್ಲಿ ಕೂತ ಹೂಳು

ಸುಳ್ಳು ಹೇಳುವುದಕ್ಕೆ ಎದೆಯಷ್ಟು ಅನುಕೂಲದ ಅಂಗ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಕಾಲು ನೋವೆಂದರೆ ಕುಂಟಬೇಕು, ಜ್ವರವೆಂದರೆ ಹಣೆ ಮುಟ್ಟಿ ನೋಡುತ್ತಾರೆ. ಎದೆ ಹಿಡಿದುಕೊಂಡರೆ ಮಾತ್ರ ಯಾರೂ ಎದುರಾಡುವುದಿಲ್ಲ. ಮಧುಗಿರಿಯಲ್ಲಿ ಮೇಷ್ಟ್ರಾಗಿದ್ದ ನನಗೆ ಊರ ಕೆರೆಯ ಕೆಳಗೆ ಒಂದಿಷ್ಟು ಗದ್ದೆಯಿತ್ತು. ವರ್ಷಕ್ಕೊಮ್ಮೆ, ತೂಬು ಎತ್ತುವ ಮೊದಲು, ಗದ್ದೆಯಿದ್ದವರೆಲ್ಲ ಗುದ್ದಲಿ ಹಿಡಿದು ಕಾಲುವೆಯ ಹೂಳು ತೆಗೆಯಬೇಕೆಂಬುದು ಊರ ಕಟ್ಟಳೆ. ಆ ದಿನ ನನಗೆ ತಪ್ಪದೆ ಎದೆನೋವು ಬರುತ್ತಿತ್ತು. ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ರಂಗಪ್ಪ, "ಈ ವರ್ಸಾನೂ ಬಂತಾ ಮೇಷ್ಟ್ರೆ?" ಎಂದು ಕೇಳಿ, ನನ್ನ ಪಾಲನ್ನೂ ತಾನೇ ತೋಡುತ್ತಿದ್ದ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ ಸಿದ್ದರಬೆಟ್ಟ ಹತ್ತುವಾಗ ನಿಜವಾದ ನೋವೇ ಬಂತು. ಬಂಡೆಯ ಮೇಲೆ ಕುಸಿದೆ. ಮುಂದೆ ಹೋಗುತ್ತಿದ್ದ ಹೆಂಡತಿ ತಿರುಗಿ ನೋಡಿ, "ಇಲ್ಲಿ ಯಾವ ಹೂಳು ತೆಗೀಬೇಕು ಅಂತ ಈ ನಾಟಕ?" ಎಂದಳು. ನನ್ನ ಬೆವರು ಕಂಡ ಮೇಲೆ ಅವಳ ಮುಖ ಬಿಳಿಚಿಕೊಂಡಿತು. ಸತ್ತೇಹೋಗುತ್ತೇನೆಂದು ನನಗೂ ಭಯವಾಯಿತು.

ಬೆಂಗಳೂರಿನ ಡಾಕ್ಟರು ಹೃದಯದ ರಕ್ತನಾಳಗಳ ಚಿತ್ರ ತೋರಿಸಿದರು. ಒಂದು ನಾಳ ಎರಡಾಗಿ ಒಡೆಯುವ ಕಡೆಯೇ ಕೊಬ್ಬು ಕಟ್ಟಿತ್ತು. ಪುಟ್ಟ ಬಲೂನು ತೂರಿಸಿ, ಉಬ್ಬಿಸಿ ದಾರಿ ಬಿಡಿಸಬೇಕು. ಕವಲಾದ್ದರಿಂದ ಅಪಾಯ ಸ್ವಲ್ಪ ಹೆಚ್ಚು, ಯೋಚಿಸಿ ಬನ್ನಿ ಎಂದರು. ಅಷ್ಟುದ್ದದ ನಾಳ ಬಿಟ್ಟು ಕವಲಲ್ಲೇ ಯಾಕೆ ಕಟ್ಟಿತು? ಭಯಕ್ಕಿಂತ ಈ ಕುತೂಹಲವೇ ನನ್ನನ್ನು ಹೆಚ್ಚು ಕಾಡಿತು. ಊರಿಗೆ ಬಂದವನೇ ರಂಗಪ್ಪನ ಮುಂದೆ ಆ ಕವಲನ್ನು ಮಣ್ಣಿನಲ್ಲಿ ಗೀರಿ ತೋರಿಸಿದೆ.

"ಕವಲಲ್ದೆ ಇನ್ನೆಲ್ಲಿ ಕೂತ್ಕತದೆ ಮೇಷ್ಟ್ರೆ? ನೀರು ಅತ್ಲಾಗೆ ಹೋಗ್ಲಾ ಇತ್ಲಾಗೆ ಹೋಗ್ಲಾ ಅಂತ ಅಂಚಲ್ಲಿ ಮೆತ್ತಗಾಯ್ತದೆ, ಹೂಳು ಅಲ್ಲೇ ಇಳೀತದೆ. ಒಂದು ಕಡೇದು ತಳ್ಳುದ್ರೆ ಇನ್ನೊಂದರ ಬಾಯಿಗೆ ಹೋಗಿ ಕೂತ್ಕಂಬುಡ್ತದೆ. ಅದ್ಕೇ ಆ ಬಾಯಿಗೆ ಒಂದು ಬಿದಿರು ಗಳ ಇಕ್ಕಿರ್ತೀನಿ, ಮುಚ್ಕಂಡ್ರೂವೆ ದಾರಿ ಸಿಗ್ಲಿ ಅಂತ. ನಿಮ್ ಡಾಕ್ಟ್ರು ಗಳ ಇಕ್ತಾರಾ, ಮೊದ್ಲು ಕೇಳಿ."

ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇನ್ನೊಂದು ಕವಲಿನಲ್ಲಿ ತೆಳ್ಳನೆಯ ತಂತಿ ಇಟ್ಟಿರುತ್ತೇವೆ. ಇದನ್ನು ನಿಮಗೆ ಯಾರು ಹೇಳಿದರು?"

"ನಮ್ಮೂರಿನ ತಜ್ಞರು" ಎಂದೆ. ಆ ತಂತಿಯನ್ನೇ ನಂಬಿ ಕಾಗದಕ್ಕೆ ಸಹಿ ಹಾಕಿದೆ. ಬದುಕಿಕೊಂಡೆ.

ಕೆಲವು ತಿಂಗಳ ಮೇಲೆ ಹೂಳು ತೆಗೆಯುವ ದಿನ ಬಂತು. ಬಾಗಿಲಲ್ಲಿ ರಂಗಪ್ಪ ನಿಂತಿದ್ದ, ಹೆಗಲ ಮೇಲೆ ಎರಡು ಗುದ್ದಲಿ. ಅಭ್ಯಾಸಬಲದಿಂದ ನನ್ನ ಕೈ ಎದೆಗೆ ಹೋಯಿತು. ಒಳಗಿನಿಂದ ಹೆಂಡತಿ, "ಮೈ ಬಗ್ಗಿಸಿ ಕೆಲಸ ಮಾಡಿದ್ರೆ ಒಳ್ಳೇದು ಅಂತ ಡಾಕ್ಟರು ನನ್ನೆದುರಿಗೇ ಹೇಳಿದಾರೆ" ಎಂದಳು.

"ಬನ್ನಿ ಮೇಷ್ಟ್ರೆ, ಕವಲಲ್ಲಿ ನೀವು ತೋಡಿ. ಗಳ ನಾನು ಹಿಡ್ಕಂತೀನಿ" ಎಂದ ರಂಗಪ್ಪ.

ಮಧ್ಯಾಹ್ನದವರೆಗೆ ತೋಡಿದೆ. ನಡುನಡುವೆ ನಿಂತು ಆಸೆಯಿಂದ ಕಾದೂ ನೋಡಿದೆ. ಎದೆ ಮಾತ್ರ ಒಂದಿಷ್ಟೂ ನೋಯಲಿಲ್ಲ.